ಕುಲಾವಿಯ ಲೆಕ್ಕ

(ಸಂಘದ ಮಹಿಳಾ ವಿಭಾಗದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನಗಳಲ್ಲಿ ಮಾತಿಗೆ ನಿಂತವರು ಪಂಪ ರನ್ನರಿಂದ ಆರಂಭಿಸುವುದು ವಾಡಿಕೆ. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವವಳು. ಕೂಡಿಸಿ ಕಳೆಯುವುದನ್ನು ಬಿಟ್ಟರೆ ಬೇರೆ ವಿದ್ಯೆ ನನಗೆ ಹೆಚ್ಚಾಗಿ ಬಾರದು. ಆದುದರಿಂದ ಇಂದು ತಮ್ಮ ಮುಂದೆ ಒಂದು ಸಣ್ಣ ಪದಾರ್ಥದ ಲೆಕ್ಕವನ್ನು ಇಡಬೇಕೆಂದಿದ್ದೇನೆ. ಆ ಪದಾರ್ಥ ನಮ್ಮ ಕುಲಾವಿ. ಉಲ್ಲನ್ನಿನಲ್ಲಿ ಕ್ರೋಶಾ ಕಡ್ಡಿಯಿಂದ ಹೆಣೆದ ಚಳಿಗಾಲದ ಟೊಪ್ಪಿಗೆ. ಬರುವ ಡಿಸೆಂಬರಿನಲ್ಲಿ ಮಹಿಳಾ ವಿಭಾಗದವರು ಸಂಘದ ಸಹಾಯಾರ್ಥವಾಗಿ ಕೈಗೆಲಸದ ಅಂಗಡಿ ಇಡಬೇಕೆಂದಿದ್ದಾರೆ. ನಕ್ಷೆ ಹಾಕಿದ ಕುಲಾವಿಗೆ 150 ರೂಪಾಯಿ ಬೆಲೆಯಿಡಬೇಕೆಂಬ ಸೂಚನೆಯೂ ಬಂದಿದೆ. ಈ 150ರ ವಿಷಯದಲ್ಲಿ ನನ್ನದೊಂದು ತಕರಾರು ಉಂಟು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಕುಲಾವಿಯನ್ನು ಹೆಣೆಯೋಣ. ಪದಾರ್ಥವನ್ನು ಕಾಣದೆ ಬೆಲೆ ಕಟ್ಟಬಾರದಷ್ಟೆ.

"ನಿಮ್ಮ ಥಾಣೆ ಸೀಮೆಯಲ್ಲಿ ಚಳಿ ಎಲ್ಲಿದೆ, ಕುಲಾವಿ ಏತಕ್ಕೆ?" ಎಂದು ಬೆಳಗಾವಿ ಧಾರವಾಡಗಳ ಬಂಧುಗಳು ನಗುತ್ತಾರೆ. ಅವರು ಜನವರಿಯಲ್ಲಿ ಬೆಳಗಿನ ಐದು ಗಂಟೆಗೆ ಕಲ್ಯಾಣದ ಪ್ಲಾಟ್‌ಫಾರ್ಮಿನ ಮೇಲೆ ನಿಂತವರಲ್ಲ. 1962ರ ಜನವರಿ 22ರಂದು ಮುಂಬಯಿಯ ಸಾಂತಾಕ್ರೂಜಿನಲ್ಲೇ ಉಷ್ಣತೆ 7.4 ಡಿಗ್ರಿಗೆ ಇಳಿದದ್ದುಂಟು. ಸಮುದ್ರ ದೂರವಾದಷ್ಟೂ ಚಳಿಗಾಲದ ರಾತ್ರಿ ಹೆಚ್ಚು ತಣ್ಣಗಾಗುತ್ತದೆ. ಹಾಗಾಗಿ ಡೊಂಬಿವಲಿ, ಕಲ್ಯಾಣ, ಬದಲಾಪುರಗಳಿಗೆ ಮುಂಬಯಿಗಿಂತ ಒಂದು ಪಾಲು ಚಳಿ ಹೆಚ್ಚೇ ಬರುತ್ತದೆ. ಲೋಕಲ್ ಗಾಡಿಯ ಬಾಗಿಲಲ್ಲಿ ನಿಂತವನ ಕಿವಿಗೆ ಗಾಳಿ ಬೇರೆ. ಇದಲ್ಲದೆ ಇಲ್ಲಿ ಹೆಣೆದ ಕುಲಾವಿಗಳೆಲ್ಲ ಇಲ್ಲಿಯೇ ಉಳಿಯುವುದಿಲ್ಲ. ಕೆಲವು ಊರಿಗೆ ಹೋಗುತ್ತವೆ, ಕೆಲವು ಮೊಮ್ಮಕ್ಕಳಿರುವ ಕೆನಡಾಕ್ಕೆ ಹೋಗುತ್ತವೆ. ಟೊರಾಂಟೋದಲ್ಲಿ ಸೊಸೆ ಮಗುವಿನ ತಲೆಗೆ ಟೇಪು ಸುತ್ತಿ ಮೊಬೈಲಿನಲ್ಲಿ ಅಳತೆ ಕಳುಹಿಸುತ್ತಾಳೆ. ಡೊಂಬಿವಲಿಯಲ್ಲಿ ಅತ್ತೆ ಕಡ್ಡಿ ಹಿಡಿಯುತ್ತಾರೆ.

ಕುಲಾವಿ ಎಂಬ ಮಾತು ಪಾರಸಿಯ ಕುಲಾಹದಿಂದ ಬಂದದ್ದು. ಕೂಸಿನ ತಲೆಯಿಂದ ಬೆನ್ನಿನವರೆಗೆ ಇಳಿಯುವ ಬಟ್ಟೆಯದಕ್ಕೆ ನಮ್ಮ ಕಡೆ ಕುಂಚಿಗೆ ಎನ್ನುತ್ತೇವೆ, ನೆರೆಮನೆಯ ಮರಾಠಿ ಕಾಕೂ ಕುಂಚಿ ಎನ್ನುತ್ತಾರೆ. ಕ್ರೋಶಾದ ಮಾತುಗಳ ಕಥೆ ಇನ್ನೂ ಚೆಂದ. ಇಲ್ಲಿ ನಮ್ಮಲ್ಲಿ ಬಹಳ ಜನ ಈ ಕೆಲಸ ಕಲಿತದ್ದು ಮರಾಠಿ ನೆರೆಯವರಿಂದ. ಅವರು ಸರಪಣಿಗೆ ಸಾಖಳಿ ಎನ್ನುತ್ತಾರೆ. ನೂಲನ್ನು ಕಡ್ಡಿಗೆ ಒಮ್ಮೆ ಸುತ್ತಿಕೊಂಡು ಎತ್ತರಕ್ಕೆ ಎಳೆಯುವ ಹೆಣಿಕೆಗೆ ಖಾಂಬ. ನೂಲು ಸುತ್ತಿಕೊಳ್ಳದೆ ಹಾಕುವ ಗಿಡ್ಡ ಹೆಣಿಕೆಗೆ ಮುಕಾ ಖಾಂಬ. ಖಾಂಬವೂ ನಮ್ಮ ಕಂಬವೂ ಒಂದೇ ಮೂಲದ ಮಾತು. ನಾನು ಕಂಬ, ಮೂಕ ಕಂಬ ಎಂದೇ ಹೇಳುತ್ತೇನೆ; ಚಾಳಿನ ಓಣಿಯಲ್ಲಿ ಎರಡು ಭಾಷೆಯವರಿಗೂ ಅರ್ಥವಾಗುತ್ತದೆ. ಇಂಗ್ಲಿಷಿನ ಪುಸ್ತಕ ನೋಡಿ ಹೆಣೆಯುವವರು ಮಾತ್ರ ಎಚ್ಚರವಾಗಿರಬೇಕು. ನಮ್ಮ ಕಂಬಕ್ಕೆ ಬ್ರಿಟಿಷರು ಟ್ರೆಬಲ್ ಎಂದರೆ ಅಮೆರಿಕದವರು ಡಬಲ್ ಎನ್ನುತ್ತಾರೆ. ಬ್ರಿಟಿಷರ ಡಬಲ್ ಎಂದರೆ ನಮ್ಮ ಮೂಕ ಕಂಬ. ಪುಸ್ತಕ ಯಾವ ದೇಶದ್ದೆಂದು ನೋಡದೆ ಕೂತರೆ ತಾತನ ಅಳತೆಯ ಕುಲಾವಿ ಮೊಮ್ಮಗನಿಗಾಗುತ್ತದೆ.

ಇನ್ನು ಹೆಣೆಯುವ ಕ್ರಮ. ದೊಡ್ಡವರ ತಲೆಯ ಸುತ್ತಳತೆ, ಕಿವಿಯ ಮೇಲೆ ಹಾಯಿಸಿ ಅಳೆದರೆ, 55 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಕುಲಾವಿ ಅದಕ್ಕಿಂತ ಎರಡು ಮೂರು ಸೆಂಟಿಮೀಟರ್ ಕಡಮೆ ಇರಬೇಕು; ಉಲ್ಲನ್ ಹಿಗ್ಗುತ್ತದೆ, ಸರಿಯಳತೆಯದು ಕಣ್ಣಿನ ಮೇಲೆ ಜಾರುತ್ತದೆ. ನಾಲ್ಕು ಮಿಲಿಮೀಟರಿನ ಕಡ್ಡಿ, ಮಧ್ಯಮ ದಪ್ಪದ ಉಲ್ಲನ್ ಹಿಡಿದರೆ ನನ್ನ ಕೈಗೆ ಹತ್ತು ಸೆಂಟಿಮೀಟರಿಗೆ 16 ಕಂಬ ಬೀಳುತ್ತವೆ. ನಿಮ್ಮ ಕೈ ಬಿಗಿಯಿದ್ದರೆ ಹೆಚ್ಚು ಬೀಳಬಹುದು. ಅಂಗೈಯಗಲದ ತುಂಡೊಂದನ್ನು ಹೆಣೆದು ಎಣಿಸಿ ನೋಡಿ. ನೆತ್ತಿಯಿಂದ ಆರಂಭ. ಸಣ್ಣ ಉಂಗುರದಲ್ಲಿ 12 ಕಂಬ. ಎರಡನೆಯ ಸುತ್ತಿಗೆ 24, ಮೂರನೆಯದಕ್ಕೆ 36, ಹೀಗೆ ಸುತ್ತಿಗೆ ಹನ್ನೆರಡರಂತೆ ಏರಿಸುತ್ತ ಏಳನೆಯ ಸುತ್ತಿಗೆ 84. ಎಂಬತ್ತನಾಲ್ಕು ಕಂಬವೆಂದರೆ ಐವತ್ತೆರಡೂವರೆ ಸೆಂಟಿಮೀಟರ್. ಒಂದು ವರ್ಷದ ಮಗುವಿಗಾದರೆ ಆರನೆಯ ಸುತ್ತಿನ 72ಕ್ಕೇ ನಿಲ್ಲಿಸಬೇಕು. ಏರಿಸುವಾಗ ಅಂಚು ಅಲೆಯಲೆಯಾಗಿ ಎದ್ದರೆ ಕಂಬ ಹೆಚ್ಚಾಗಿವೆ; ಬಟ್ಟಲಿನಂತೆ ಬಾಗಿದರೆ ಕಡಮೆಯಾಗಿವೆ. ದೋಸೆಯಂತೆ ಚಪ್ಪಟೆ ಕೂತರೆ ಸರಿ.

ಆಮೇಲೆ ಏರಿಸುವುದು ನಿಲ್ಲುತ್ತದೆ, ಕುಲಾವಿ ಕೆಳಗಿಳಿಯಲು ತೊಡಗುತ್ತದೆ. ನಕ್ಷೆಯ ಪಟ್ಟಿ ಬರುವುದು ಇಲ್ಲಿಯೇ. ನಕ್ಷೆಯನ್ನು ಪರದೇಶದ ಪುಸ್ತಕದಲ್ಲಿ ಹುಡುಕುವ ಕಾರಣವಿಲ್ಲ; ಧಾರವಾಡದ ಕಸೂತಿಯೇ ಇದೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆ ಎಣಿಸಿಯೇ ಗೋಪುರ, ತೇರು, ತುಳಸಿಕಟ್ಟೆ, ಆನೆಗಳನ್ನು ಎಬ್ಬಿಸುತ್ತಾರೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ನಮ್ಮ ಅಜ್ಜಿಯಂದಿರು ಚಂದ್ರಕಾಳಿ ಸೀರೆಯ ಮೇಲೆ ತೆಗೆದದ್ದೆಲ್ಲವೂ ಎಣಿಕೆಯ ಚಿತ್ರವೇ. ಎಣಿಕೆಯ ಚಿತ್ರವಾದುದರಿಂದ ಚೌಕಳಿ ಹಾಳೆಗೂ ಬರುತ್ತದೆ, ಚೌಕಳಿಯಿಂದ ಕ್ರೋಶಾಕ್ಕೂ ಬರುತ್ತದೆ. ಒಂದು ಚೌಕಕ್ಕೆ ಒಂದು ಮೂಕ ಕಂಬ, ಅಷ್ಟೆ.

ಎಲ್ಲಕ್ಕಿಂತ ಸುಲಭವಾದದ್ದು ಗೋಪುರ. ಹನ್ನೆರಡು ಕಂಬಕ್ಕೊಂದು ಗೋಪುರವಾದರೆ 84ಕ್ಕೆ ಏಳು ಗೋಪುರ. ಕುಲಾವಿ ಮೇಲಿನಿಂದ ಕೆಳಕ್ಕೆ ಇಳಿಯುವುದರಿಂದ ಇಲ್ಲಿ ಗೋಪುರವನ್ನು ಕಳಶದಿಂದ ಕಟ್ಟಬೇಕು, ಅಡಿಪಾಯ ಕೊನೆಗೆ! ನೆಲದ ಬಣ್ಣ ಕಪ್ಪು, ಗೋಪುರ ಕೆಂಪು ಎನ್ನೋಣ. (ಕೂಸಿಗೆ ಕರಿ ಬೇಡವೆನ್ನುವ ಮನೆಯವರು ಹಸಿರು ಹಿಡಿಯಲಿ.) ಮೊದಲ ಸಾಲಿನಲ್ಲಿ ಒಂದು ಕೆಂಪು, ಹನ್ನೊಂದು ಕಪ್ಪು. ಎರಡನೆಯದರಲ್ಲಿ ಮೂರು ಕೆಂಪು, ಒಂಬತ್ತು ಕಪ್ಪು. ಹೀಗೆ ಐದು, ಏಳು, ಒಂಬತ್ತು, ಕೊನೆಗೆ ಹನ್ನೊಂದು ಕೆಂಪು. ಆರು ಸಾಲಿಗೆ ಗೋಪುರ ಮುಗಿಯಿತು. ಮೇಲೆ ಒಂದು, ಕೆಳಗೆ ಎರಡು ಬರಿಯ ಸಾಲು ಸೇರಿ ಪಟ್ಟಿಗೆ ಒಟ್ಟು ಒಂಬತ್ತು ಸಾಲು.

ಬಣ್ಣ ಬದಲಿಸುವ ಗುಟ್ಟು ಒಂದೇ. ಕಂಬದ ಕೊನೆಯ ಎಳೆತವನ್ನು ಮುಂದಿನ ಬಣ್ಣದಿಂದ ಎಳೆಯಬೇಕು. ಕಂಬ ಪೂರ್ತಿಯಾದ ಮೇಲೆ ಬದಲಿಸಿದರೆ ಗೋಪುರದ ಅಂಚು ಹಲ್ಲು ಮುರಿದ ಬಾಚಣಿಗೆಯಂತೆ ಕಾಣುತ್ತದೆ. ಕೆಲಸವಿಲ್ಲದ ಬಣ್ಣವನ್ನು ಕತ್ತರಿಸದೆ ಕಂಬಗಳ ಹೊಟ್ಟೆಯೊಳಗೆ ಸಾಗಿಸಿಕೊಂಡು ಹೋಗಬೇಕು. ಇದರಿಂದ ಒಳಗಡೆ ದಾರ ಜೋತಾಡುವುದಿಲ್ಲ, ಮಗುವಿನ ಬೆರಳು ಸಿಕ್ಕುವುದಿಲ್ಲ. ಕಿವಿಯ ಮೇಲೆ ಬರುವ ಪಟ್ಟಿಯಲ್ಲಿ ಎರಡು ಎಳೆ ಕೂಡಿ ದಪ್ಪವಾಗುವುದರಿಂದ ಬೆಚ್ಚಗೂ ಆಗುತ್ತದೆ. ಅಂದಕ್ಕಾಗಿ ಹಾಕಿದ ನಕ್ಷೆಯೇ ಬೆಚ್ಚಗಿಡುವ ಕೆಲಸವನ್ನೂ ಮಾಡುವುದು ಈ ಕೈಗೆಲಸದ ಒಂದು ಸೊಗಸು. ಸಾಗುವ ದಾರವನ್ನು ಬಿಗಿದರೆ ಮಾತ್ರ ಪಟ್ಟಿ ಕುಗ್ಗಿ ಹಣೆಯನ್ನು ಕಚ್ಚುತ್ತದೆ. ಪಟ್ಟಿಯ ಮಟ್ಟಿಗೆ ಕಡ್ಡಿಯನ್ನು ಅರ್ಧ ನಂಬರು ದೊಡ್ಡದು ಹಿಡಿದರೆ ಒಳ್ಳೆಯದು. ಇನ್ನೊಂದು ಮಾತು. ಸುತ್ತುಸುತ್ತಾಗಿ ಹೆಣೆಯುವಾಗ ಪ್ರತಿ ಸಾಲಿನ ಕಂಬವೂ ಕೆಳಗಿನ ಕಂಬಕ್ಕಿಂತ ತುಸು ಬಲಕ್ಕೆ ಜರುಗಿ ಕೂರುತ್ತದೆ. ಗೋಪುರ ಸ್ವಲ್ಪ ವಾಲುತ್ತದೆ. ಅದು ಕೈಯ ದೋಷವಲ್ಲ, ಕ್ರೋಶಾದ ಸ್ವಭಾವ. ನೆಟ್ಟನೆಯ ಗೆರೆಗಳಿರುವ ತೇರನ್ನು ಬಿಟ್ಟು ಗೋಪುರವನ್ನು ಆರಿಸಿದ್ದು ಈ ಕಾರಣಕ್ಕೇ. ತೇರು ವಾಲಿದರೆ ನೋಡಲಾಗುವುದಿಲ್ಲ.

ಪಟ್ಟಿಯ ಕೆಳಗೆ ಆರು ಸುತ್ತು ಕಂಬ, ಕೊನೆಗೆ ಒಂದು ಸುತ್ತು ಮೂಕ ಕಂಬದ ಅಂಚು. ಕುಲಾವಿ ಆಯಿತು.

ಉಲ್ಲನ್ನಿನ ವಿಷಯ ಬೇಗ ಹೇಳಿಬಿಡುತ್ತೇನೆ. ಪೇಟೆಯಲ್ಲಿ ಉಲ್ಲನ್ ಎಂದು ಕೊಡುವುದರಲ್ಲಿ ಹೆಚ್ಚಿನದು ಅಕ್ರಿಲಿಕ್. ಒಂದು ಎಳೆಯನ್ನು ಸುಟ್ಟು ನೋಡಿ: ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಕುರಿಯ ಉಣ್ಣೆ, ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್. ಅಕ್ರಿಲಿಕ್ ಅಗ್ಗ, ಒಗೆಯಲು ಸುಲಭ, ನಮ್ಮ ಸೀಮೆಯ ಚಳಿಗೆ ಸಾಕು. ಒಲೆಯ ಬಳಿ ಮಾತ್ರ ಬೇಡ. ಕೂಸುಗಳಿಗೆ ಹೆಣೆಯುವವರು ನೆನಪಿಡಿ: ಮಗುವಿನ ತಲೆ ಅದರ ಮೈಯ ಸುಮಾರು ಐದನೆಯ ಒಂದು ಪಾಲು, ದೊಡ್ಡವರದು ಹತ್ತನೆಯ ಒಂದು. ಆದ್ದರಿಂದ ಹೊರಗೆ ಹೊರಟಾಗ ಕೂಸಿಗೆ ಕುಲಾವಿ ಅಗತ್ಯ. ಮನೆಯೊಳಗೆ ಮಲಗಿಸುವಾಗ ತೆಗೆದುಬಿಡಬೇಕು, ಮೈ ಕಾದೀತು. ಗದ್ದದ ಕೆಳಗೆ ಕಟ್ಟುವ ಉದ್ದನೆಯ ದಾರವೂ ಬೇಡ.

ಈ ಕೆಲಸ ಎಲ್ಲಿ ನಡೆಯುತ್ತದೆಂಬುದು ತಮಗೆಲ್ಲ ಗೊತ್ತು. ಕಲ್ಯಾಣದ ಲೋಕಲ್ಲಿನ ಹೆಂಗಸರ ಡಬ್ಬಿಯಲ್ಲಿ ಒಬ್ಬಳು ಮೆಂತ್ಯದ ಸೊಪ್ಪು ಬಿಡಿಸುತ್ತಾಳೆ, ಒಬ್ಬಳು ಸ್ತೋತ್ರ ಓದುತ್ತಾಳೆ, ಒಬ್ಬಳು ಚೀಲದಿಂದ ಕಡ್ಡಿ ತೆಗೆಯುತ್ತಾಳೆ. ಡೊಂಬಿವಲಿಯವರು ಕೂರಲು ಜಾಗ ಬೇಕೆಂದು ಹಿಂದಕ್ಕೆ ಕಲ್ಯಾಣಕ್ಕೆ ಹೋಗಿ ಅದೇ ಗಾಡಿಯಲ್ಲಿ ಮರಳಿ ಬರುವುದುಂಟು. ಆ ಹೆಚ್ಚಿನ ಹೊತ್ತೂ ಹೆಣಿಗೆಗೇ ಸಲ್ಲುತ್ತದೆ. ಎರಡು ಸೂಜಿಯ ಹೆಣಿಗೆಗೆ ರೈಲು ತಕ್ಕ ಜಾಗವಲ್ಲ. ಅದರಲ್ಲಿ ಸಾಲಿನ ಕುಣಿಕೆಗಳೆಲ್ಲ ಸೂಜಿಯ ಮೇಲೆಯೇ ಇರುತ್ತವೆ; ಠಾಕುರ್ಲಿಯಲ್ಲಿ ಒಂದು ಮೊಣಕೈ ತಗಲಿದರೆ ಸಾಲೇ ಜಾರಿತು. ಕ್ರೋಶಾದಲ್ಲಿ ಬಿಚ್ಚಿಕೊಂಡಿರುವ ಕುಣಿಕೆ ಒಂದೇ. ಜಾರಿದರೆ ಒಂದು ಕಂಬ ಜಾರೀತು, ಮುಂಬ್ರಾ ಬರುವುದರೊಳಗೆ ಮತ್ತೆ ಎತ್ತಿಕೊಳ್ಳಬಹುದು.

ಗಂಡಸರು ಈ ಮಾತೆಲ್ಲ ತಮಗಲ್ಲವೆಂದು ಹಿಂದಿನ ಸಾಲಿನಲ್ಲಿ ಹರಟುತ್ತಿರುವುದು ಕಾಣಿಸುತ್ತಿದೆ. ಪೆರು ದೇಶದ ಟಿಟಿಕಾಕಾ ಸರೋವರದಲ್ಲಿ ತಕೀಲೆ ಎಂಬ ದ್ವೀಪವಿದೆ. ಅಲ್ಲಿ ನಕ್ಷೆಯ ಟೊಪ್ಪಿಗೆಯನ್ನು ಹೆಣೆಯುವವರು ಗಂಡಸರೇ. ಹುಡುಗರು ಎಳವೆಯಲ್ಲಿಯೇ ಸೂಜಿ ಹಿಡಿಯುತ್ತಾರೆ. 2005ರಲ್ಲಿ ಯುನೆಸ್ಕೋ ಆ ದ್ವೀಪದ ನೇಯ್ಗೆ ಹೆಣಿಗೆಗಳನ್ನು ಮಾನವಕುಲದ ಪರಂಪರೆಯೆಂದು ಗೌರವಿಸಿತು. ಡೊಂಬಿವಲಿಯ ಗಂಡಸರಿಗೂ ಗಾಡಿಯಲ್ಲಿ ಒಂದೂಕಾಲು ಗಂಟೆ ಸಿಗುತ್ತದೆಂಬುದನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಈಗ ಲೆಕ್ಕಕ್ಕೆ ಬರೋಣ. ನೆತ್ತಿಯ ಏಳು ಸುತ್ತಿಗೆ 336 ಕಂಬ. ನಕ್ಷೆಯ ಪಟ್ಟಿಗೆ 756. ಕೆಳಗಿನ ಆರು ಸುತ್ತಿಗೆ 504. ಅಂಚಿಗೆ 84. ಒಟ್ಟು 1680. ಪಳಗಿದ ಕೈ ಬರಿಯ ಕಂಬವನ್ನು ನಿಮಿಷಕ್ಕೆ ಹನ್ನೆರಡು ಹಾಕೀತು. ಎಣಿಸುತ್ತ ಬಣ್ಣ ಬದಲಿಸುವ ಪಟ್ಟಿಯಲ್ಲಿ ಆರಕ್ಕಿಂತ ಹೆಚ್ಚು ಆಗದು. ಬರಿಯ 924ಕ್ಕೆ 77 ನಿಮಿಷ, ಪಟ್ಟಿಗೆ 126 ನಿಮಿಷ. ತುದಿ ಮುಚ್ಚುವುದು, ಬಿಚ್ಚಿ ಹಾಕುವುದು, ಉಂಡೆಯ ಗಂಟು ಬಿಡಿಸುವುದು ಎಲ್ಲ ಸೇರಿ ನಾಲ್ಕು ಗಂಟೆ ಎಂದರೆ ಯಾರೂ ಹೆಚ್ಚೆನ್ನಲಾರರು. ಉಲ್ಲನ್ನಿಗೆ 100 ರೂಪಾಯಿ ಹಿಡಿಯೋಣ. ಅಂಗಡಿಯಲ್ಲಿ 150ಕ್ಕೆ ಮಾರಿದರೆ ನಾಲ್ಕು ಗಂಟೆಯ ದುಡಿಮೆಗೆ ಉಳಿದದ್ದು 50. ಗಂಟೆಗೆ ಹನ್ನೆರಡೂವರೆ ರೂಪಾಯಿ. ಸ್ಟೇಷನ್ನಿನ ಹೊರಗೆ ಆ ಹಣಕ್ಕೆ ಒಂದು ವಡಾಪಾವ್ ಸಿಗುವುದೂ ಕಷ್ಟ.

ಯಂತ್ರದ ಟೊಪ್ಪಿಗೆ ಅಷ್ಟಕ್ಕೇ ಸಿಗುತ್ತದಲ್ಲ ಎನ್ನಬಹುದು. ಸಿಗುತ್ತದೆ, ಆದರೆ ಅದು ಸೂಜಿಹೆಣಿಗೆಯದು. ನೇಯ್ಗೆಗೆ ಯಂತ್ರವಿದೆ, ಸೂಜಿಹೆಣಿಗೆಗೆ ಯಂತ್ರವಿದೆ. ಥಾಣೆಯಲ್ಲಿಯೇ 1925ರಲ್ಲಿ ರೇಮಂಡ್ ಉಣ್ಣೆ ಗಿರಣಿ ಎದ್ದು ಮೊದಲು ಒರಟು ಕಂಬಳಿಗಳನ್ನು ನೇಯ್ದು, ಆಮೇಲೆ ದೇಶಕ್ಕೆಲ್ಲ ಸೂಟಿನ ಬಟ್ಟೆ ಕೊಟ್ಟಿತು. 2009ರಲ್ಲಿ ಇಲ್ಲಿನ ಆ ಗಿರಣಿ ನಿಂತುಹೋಯಿತು. ಅಂಥ ಗಿರಣಿಯಿಂದಲೂ ಆಗದ್ದು ಕ್ರೋಶಾ. ಒಂದೊಂದು ಕುಣಿಕೆಯನ್ನೂ ಕೈಯಿಂದಲೇ ಎಳೆದು ಮುಗಿಸಬೇಕಾದ ಈ ಹೆಣಿಗೆಯನ್ನು ಯಂತ್ರ ಇಂದಿಗೂ ಕಲಿತಿಲ್ಲ. ಆದುದರಿಂದ ನಿಜವಾದ ಕ್ರೋಶಾದ ಪದಾರ್ಥ ಎಲ್ಲಿಯೇ ಅಗ್ಗಕ್ಕೆ ಸಿಕ್ಕಲಿ, ಯಾರೋ ಒಬ್ಬಳ ಗಂಟೆಗಳು ಅಗ್ಗವಾಗಿವೆ ಎಂದೇ ತಿಳಿಯಬೇಕು.

ಆಂಧ್ರದ ಗೋದಾವರಿ ಸೀಮೆಯ ನರಸಾಪುರದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮಿಶನರಿಗಳು ಹೆಂಗಸರಿಗೆ ಕ್ರೋಶಾ ಲೇಸು ಕಲಿಸಿದರು. ಆ ಲೇಸು ಕಡಲಾಚೆ ಹೋಗಿ ವ್ಯಾಪಾರಿಗಳ ಮಹಡಿಗಳೆದ್ದವು. ಮಾರಿಯಾ ಮೀಸ್ ಎಂಬ ಜರ್ಮನ್ ವಿದುಷಿ ಅಲ್ಲಿಗೆ ಹೋಗಿ ನೋಡಿ 1982ರಲ್ಲಿ ಪುಸ್ತಕ ಬರೆದರು. ದಿನಕ್ಕೆ ಹಲವು ಗಂಟೆ ದುಡಿದು ಪರದೇಶದ ಪೇಟೆಗೆ ಮಾಲು ಕೊಡುತ್ತಿದ್ದ ಆ ಹೆಂಗಸರನ್ನು ಎಲ್ಲರೂ ಮನೆಯಲ್ಲಿ ಕೂತ ಗೃಹಿಣಿಯರೆಂದೂ, ಅವರ ಕೆಲಸವನ್ನು ಬಿಡುವಿನ ವೇಳೆಯ ಹವ್ಯಾಸವೆಂದೂ ಕರೆಯುತ್ತಿದ್ದರು. ಕೂಲಿ ಕಡಮೆಯಿರುವುದಕ್ಕೆ ಈ ಹೆಸರೇ ನೆಪವಾಗಿತ್ತು ಎಂಬುದು ಅವರು ಕಂಡ ಸಂಗತಿ. 2024ರಲ್ಲಿ ನರಸಾಪುರದ ಲೇಸಿಗೆ ಭೌಗೋಳಿಕ ಗುರುತು ಸಿಕ್ಕಿತು. ಊರಿನ ಹೆಸರಿಗೆ ಮನ್ನಣೆ ಬಂತು. ಕೂಲಿಯ ಪ್ರಶ್ನೆ ಬೇರೆಯೇ.

ನನ್ನ ಮೇಜಿನ ಮುಂದೆ ಖಾತೆ ತೆರೆಯಲು ಬರುವ ತಾಯಂದಿರನ್ನು "ಉದ್ಯೋಗ?" ಎಂದು ಕೇಳಿದರೆ "ಏನೂ ಇಲ್ಲ ಬಾಯಿ, ಮನೆಯಲ್ಲೇ" ಎನ್ನುತ್ತಾರೆ. ಕೈಯಲ್ಲಿ ಹಿಡಿದ ಚೀಲದಿಂದ ಕಡ್ಡಿಯ ತುದಿ ಇಣುಕುತ್ತಿರುತ್ತದೆ! ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಅಂದರೆ ಲೋಕಲ್ ಗಾಡಿಯ ಕಲ್ಯಾಣವಲ್ಲ, ಬಸವಣ್ಣನವರ ಕಲ್ಯಾಣದಲ್ಲಿ, ನೂಲು ತೆಗೆಯುವ ಕಾಯಕದ ಶರಣೆಯೊಬ್ಬಳಿದ್ದಳು. ಆಕೆಯನ್ನು ನಾವು ಇಂದಿಗೂ ಕದಿರ ರೆಮ್ಮವ್ವೆ ಎಂದೇ ಕರೆಯುತ್ತೇವೆ. ಕದಿರು ಆಕೆಯ ಹೆಸರಿಗೇ ಸೇರಿಹೋಗಿದೆ. ಎಂಟುನೂರು ವರ್ಷಗಳಾದ ಮೇಲೆ ನಮ್ಮ ಅರ್ಜಿಯ ಕಾಲಮ್ಮಿನಲ್ಲಿ ಕಡ್ಡಿಗೆ ಜಾಗವಿಲ್ಲ.

ಹಿರಿಯರೊಬ್ಬರು ಮೊನ್ನೆ ನನಗೆ ಹೇಳಿದರು: "ಅಲ್ಲವ್ವಾ, ಮೊಮ್ಮಗನಿಗೆ ಹೆಣೆದದ್ದಕ್ಕೂ ಬೆಲೆ ಕಟ್ಟುತ್ತೀಯಾ?" ಖಂಡಿತ ಇಲ್ಲ. ಮೊಮ್ಮಗನ ಕುಲಾವಿಗೆ ಬಿಲ್ಲು ಬರೆಯುವ ಅಜ್ಜಿ ಕರ್ನಾಟಕದಲ್ಲಿಯೂ ಹುಟ್ಟಿಲ್ಲ, ಮಹಾರಾಷ್ಟ್ರದಲ್ಲಿಯೂ ಹುಟ್ಟಿಲ್ಲ. ನಾನು ಹೇಳುವುದು ಮಾರಾಟಕ್ಕಿಟ್ಟ ಕುಲಾವಿಯ ಮಾತು. "ಅದೂ ಸಂಘಕ್ಕಾಗಿ ತಾನೆ?" ಎಂದರು. ನನ್ನ ತಕರಾರು ಇಲ್ಲಿಯೇ ಇದೆ. ಸ್ಮರಣ ಸಂಚಿಕೆಗಳ ಕೊನೆಯ ಪುಟಗಳನ್ನು ನೋಡಿ. 501 ಕೊಟ್ಟವರ ಹೆಸರಿದೆ, 1001 ಕೊಟ್ಟವರ ಹೆಸರು ದಪ್ಪಕ್ಷರದಲ್ಲಿದೆ. ಇರಲಿ, ಇರಬೇಕಾದದ್ದೇ. ಒಬ್ಬ ತಾಯಿ ತನ್ನ ಉಲ್ಲನ್ ಹಾಕಿ ಹತ್ತು ಕುಲಾವಿ ಕೊಟ್ಟರೆ ನಲವತ್ತು ಗಂಟೆಯ ದುಡಿಮೆ ಕೊಟ್ಟಳು. ಗಂಟೆಗೆ 60 ರೂಪಾಯಿಯೆಂದು ಕಡಮೆಗೇ ಹಿಡಿದರೂ 2400, ಉಲ್ಲನ್ನಿನ 1000 ಸೇರಿ 3400. ಹತ್ತು ಕುಲಾವಿಗಳು 1500ಕ್ಕೆ ಹೋಗುತ್ತವೆ. ಜಮಾಖರ್ಚಿನಲ್ಲಿ ಒಂದೇ ಸಾಲು: ಕೈಗೆಲಸದ ಮಾರಾಟದಿಂದ 1500. ಆ ತಾಯಿಯ ಹೆಸರು ದೇಣಿಗೆಯ ಪಟ್ಟಿಯಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. 1900 ರೂಪಾಯಿ ಎಲ್ಲಿಗೆ ಹೋಯಿತೆಂದು ಯಾವ ಲೆಕ್ಕಪರಿಶೋಧಕರೂ ಕೇಳುವುದಿಲ್ಲ, ಏಕೆಂದರೆ ಅದು ಪುಸ್ತಕದೊಳಕ್ಕೆ ಬಂದೇ ಇರಲಿಲ್ಲ.

ಆದುದರಿಂದ ನನ್ನ ಸೂಚನೆ ಹೀಗಿದೆ. ನಕ್ಷೆಯ ಕುಲಾವಿಗೆ 340 ಎಂದೇ ಬೆಲೆ ಬರೆಯೋಣ. ಅಷ್ಟು ಕೊಡಲಾಗದವರಿಗೆ ನಕ್ಷೆಯಿಲ್ಲದ್ದನ್ನು ಹೆಣೆದಿಡೋಣ. ಪಟ್ಟಿಯ ಬದಲು ಐದು ಸುತ್ತು ಬರಿಯ ಕಂಬ ಹಾಕಿದರೆ ಎರಡು ಗಂಟೆಗೆ ಮುಗಿಯುತ್ತದೆ, ಒಂದೇ ಬಣ್ಣವಾದುದರಿಂದ ಉಲ್ಲನ್ ಸಹ 80ರಲ್ಲಿ ಆದೀತು, 200ಕ್ಕೆ ಕೊಡಬಹುದು. ಕಡಮೆಗೆ ಮಾರಲೇಬೇಕೆಂದು ಸಮಿತಿ ನಿರ್ಧರಿಸಿದರೆ ಮಾರಲಿ, ಆದರೆ ಹೆಣೆದವರ ಹೆಸರನ್ನೂ ಗಂಟೆಗಳನ್ನೂ ದೇಣಿಗೆಯ ಪಟ್ಟಿಯಲ್ಲಿ ಅಚ್ಚು ಮಾಡಬೇಕು. ಇದಕ್ಕೆ ಆದಾಯ ತೆರಿಗೆಯ ರಿಯಾಯಿತಿಯ ರಸೀದಿ ಕೊಡಲು ಬರುವುದಿಲ್ಲ. ಹಣದ ರೂಪದಲ್ಲಿಲ್ಲದ ದಾನಕ್ಕೆ ಆ ಸೌಲಭ್ಯವಿಲ್ಲ. ಕಪ್ಪು ಶಾಯಿಯಲ್ಲಿ ಒಂದು ಸಾಲು ಅಚ್ಚು ಮಾಡಲು ಯಾವ ಕಾಯಿದೆಯೂ ಅಡ್ಡ ಬರುವುದಿಲ್ಲ.

ಮನೆಯ ಖರ್ಚಿಗೆಂದೇ ಹೆಣೆದು ಮಾರುವ ಕೆಲವರು ನಮ್ಮಲ್ಲಿದ್ದಾರೆ. ಅವರು ಹತ್ತು ಹನ್ನೆರಡು ಮಂದಿ ಸೇರಿ ಸ್ವಸಹಾಯ ಗುಂಪು ಮಾಡಿಕೊಳ್ಳಬಹುದು. 1980ರ ದಶಕದಲ್ಲಿ ಕರ್ನಾಟಕದಲ್ಲಿ ಮೈರಾಡಾ ಸಂಸ್ಥೆ ಇಂಥ ಗುಂಪುಗಳನ್ನು ಕಟ್ಟಿ ದಾರಿ ತೋರಿತು. 1992ರಲ್ಲಿ ನಬಾರ್ಡ್ ಅಂಥ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸಿತು. ಒತ್ತೆಯಿಲ್ಲದೆ, ಉಳಿತಾಯದ ಪುಸ್ತಕ ನೋಡಿ ಸಾಲ ಕೊಡುವ ಏರ್ಪಾಡು ಅದು. ಅರ್ಜಿ ತುಂಬಲು ಬರದವರು ನನ್ನ ಬಳಿ ಬರಲಿ. ಉದ್ಯೋಗದ ಕಾಲಮ್ಮನ್ನು ನಾನೇ ತುಂಬುತ್ತೇನೆ.

ಗೋಪುರದ ನಕ್ಷೆಯನ್ನು ಚೌಕಳಿ ಹಾಳೆಯ ಮೇಲೆ ಬರೆದು ತಂದಿದ್ದೇನೆ, ಬಾಗಿಲ ಬಳಿ ಇಟ್ಟಿದೆ. ದೊಡ್ಡವರ 84ರದು ಒಂದು, ಮಕ್ಕಳ 72ರದು ಒಂದು. ಶನಿವಾರ ಸಂಜೆ ಇಲ್ಲಿಯೇ ಕೂತು ಹೆಣೆಯೋಣ; ನಾಲ್ಕು ಮಿಲಿಮೀಟರಿನ ಕಡ್ಡಿ, ಎರಡು ಬಣ್ಣದ ಉಲ್ಲನ್ ತನ್ನಿ. ಕೂತ ಹೊತ್ತು ಎದ್ದ ಹೊತ್ತು ಬರೆಯಲು ಒಂದು ವಹಿಯನ್ನು ನಾನು ತರುತ್ತೇನೆ.